ಮನೆಯೊಳಗಿನ ಕಾಂಕ್ರೀಟ್: ಊಟದ ಮೇಜಿನಿಂದ ಅಗ್ಗಿಷ್ಟಿಕೆಯವರೆಗೆ

ಉದ್ಯಾನದ ಸಿಮೆಂಟು ಬೆಂಚು, ಅಂಗಳದ ತುಳಸಿಕಟ್ಟೆ, ಹಿತ್ತಿಲ ನೀರಿನ ತೊಟ್ಟಿ ಇವುಗಳಲ್ಲೇ ಹೆಚ್ಚಾಗಿ ಕಾಣುತ್ತಿದ್ದ ಕಾಂಕ್ರೀಟ್ ಈಗ ಊಟದ ಮೇಜಾಗಿ, ಟೀಪಾಯಿಯಾಗಿ, ಕೈತೊಳೆಯುವ ಬೇಸಿನ್ನಾಗಿ ನಡುಮನೆಗೆ ಬಂದಿದೆ. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಡೆ ಹೊಸದಾಗಿ ಮನೆ ಅಥವಾ ಹೋಂಸ್ಟೇ ಕಟ್ಟಿಸುವವರಲ್ಲಿ ಕೆಲವರು ಹಳೆಯ ಪ್ಲಾಂಟರ್ ಬಂಗಲೆಗಳಲ್ಲಿದ್ದಂಥ ಅಗ್ಗಿಷ್ಟಿಕೆಯನ್ನು, ಅಂದರೆ ಫೈರ್‌ಪ್ಲೇಸನ್ನು, ಕಾಂಕ್ರೀಟಿನ ಚೌಕಟ್ಟಿನೊಂದಿಗೆ ಮಾಡಿಸುತ್ತಿದ್ದಾರೆ. ಹೀಗೆ ಕೊಳ್ಳುವವರನ್ನು ಕಾಡುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಇಷ್ಟು ಭಾರವನ್ನು ಮೇಲಿನ ಮಹಡಿಯ ನೆಲ ತಡೆಯುತ್ತದೆಯೇ, ಹುಳಿ ಚೆಲ್ಲಿದರೆ ಕಲೆಯಾಗುತ್ತದೆಯೇ, ಬೆಂಕಿಯ ಪಕ್ಕದಲ್ಲಿಟ್ಟರೆ ಸಿಡಿಯುತ್ತದೆಯೇ? ಇವುಗಳಲ್ಲಿ ಭಾರದ ಪ್ರಶ್ನೆಯೊಂದನ್ನು ಬಿಟ್ಟರೆ ಉಳಿದೆಲ್ಲಕ್ಕೂ ಉತ್ತರ ಒಂದೇ ಕಡೆ ಇದೆ: ಕಾಂಕ್ರೀಟ್ ಕಲ್ಲಿನಂತೆ ಕಂಡರೂ ಕಲ್ಲಲ್ಲ, ಅದು ನೀರಿನಿಂದ ಹುಟ್ಟಿ ನೀರನ್ನು ಒಳಗಿಟ್ಟುಕೊಂಡೇ ಬಾಳುವ ವಸ್ತು.

ಕಾಂಕ್ರೀಟ್ ಗಟ್ಟಿಯಾಗುವುದು ಒಣಗುವುದರಿಂದಲ್ಲ

ಸುಣ್ಣದಕಲ್ಲು ಮತ್ತು ಜೇಡಿಮಣ್ಣನ್ನು ಸುಮಾರು 1450 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟು, ಅದರಿಂದ ಬರುವ ಗಟ್ಟಿ ಉಂಡೆಗಳಿಗೆ ಸ್ವಲ್ಪ ಜಿಪ್ಸಂ ಸೇರಿಸಿ ನುಣ್ಣಗೆ ಬೀಸಿದರೆ ಸಿಮೆಂಟ್ ಆಗುತ್ತದೆ. ಕಲಬುರಗಿ ಜಿಲ್ಲೆಯ ವಾಡಿ, ಸೇಡಂ ಸುತ್ತಮುತ್ತ ಸಿಮೆಂಟ್ ಕಾರ್ಖಾನೆಗಳು ನೆಲೆಯೂರಿದ್ದು ಅಲ್ಲಿನ ಸುಣ್ಣದಕಲ್ಲಿನ ಕಾರಣದಿಂದಲೇ. ಈ ಸಿಮೆಂಟಿಗೆ ಮರಳು ಅಥವಾ ಎಂ-ಸ್ಯಾಂಡ್, ಜಲ್ಲಿ ಮತ್ತು ನೀರು ಸೇರಿದಾಗ ಕಾಂಕ್ರೀಟ್ ಎನಿಸಿಕೊಳ್ಳುತ್ತದೆ.

ನೀರು ಆರಿಹೋದ ಮೇಲೆ ಕಾಂಕ್ರೀಟ್ ಗಟ್ಟಿಯಾಗುತ್ತದೆ ಎಂದು ಅನೇಕರು ತಿಳಿದಿದ್ದಾರೆ. ಹಸಿ ಇಟ್ಟಿಗೆಯ ವಿಷಯದಲ್ಲಿ ಅದು ನಿಜ. ಆ ಇಟ್ಟಿಗೆಯನ್ನು ಮತ್ತೆ ನೀರಿನಲ್ಲಿ ನೆನೆಸಿದರೆ ಅದು ಮಣ್ಣಾಗುತ್ತದೆ. ಕಾಂಕ್ರೀಟಿನಲ್ಲಿ ನಡೆಯುವುದು ಬೇರೆ. ಸಿಮೆಂಟಿನ ಕಣಗಳು ನೀರಿನೊಂದಿಗೆ ರಾಸಾಯನಿಕವಾಗಿ ಕೂಡಿ ಹೊಸದೊಂದು ಅಂಟು ವಸ್ತುವಾಗುತ್ತವೆ, ಮತ್ತು ಮುದ್ದೆಯಾದ ರಾಗಿಹಿಟ್ಟು ಮತ್ತೆ ಹಿಟ್ಟಾಗದಂತೆ ಈ ವಸ್ತುವೂ ಹಿಂದಿನ ರೂಪಕ್ಕೆ ಮರಳುವುದಿಲ್ಲ. ಈ ಕೂಡುವಿಕೆ ನಿಧಾನವಾಗಿ ನಡೆಯುವುದರಿಂದ, ಎರಕ ಹೊಯ್ದ ಮೇಲೆ ಕನಿಷ್ಠ 7 ದಿನವಾದರೂ ಗೋಣಿಚೀಲ ಹೊದಿಸಿ ನೀರುಣಿಸಬೇಕು. ಇದನ್ನೇ ಕ್ಯೂರಿಂಗ್ ಎನ್ನುತ್ತಾರೆ. ಕಾಂಕ್ರೀಟಿನ ಬಲವನ್ನು 28ನೇ ದಿನ ಅಳೆಯುವ ರೂಢಿಯೂ ಇದೇ ಕಾರಣಕ್ಕೆ ಬಂದಿದೆ. ಎಂ-20 ಎಂಬ ದರ್ಜೆಯ ಅರ್ಥ, 28 ದಿನ ತುಂಬಿದ ಆ ಕಾಂಕ್ರೀಟಿನ ಘನವೊಂದು ಪ್ರತಿ ಚದರ ಮಿಲಿಮೀಟರಿಗೆ 20 ನ್ಯೂಟನ್, ಸರಿಸುಮಾರು 2 ಕಿಲೋಗ್ರಾಂ ಭಾರದಷ್ಟು ಒತ್ತಡವನ್ನು ತಡೆಯಬೇಕು ಎಂಬುದು.

50 ಕಿಲೋಗ್ರಾಮಿನ ಒಂದು ಮೂಟೆ ಸಿಮೆಂಟಿನೊಂದಿಗೆ ರಾಸಾಯನಿಕವಾಗಿ ಕೂಡಲು ಸುಮಾರು 12 ಲೀಟರ್ ನೀರು ಸಾಕು. ಆದರೆ ಅಷ್ಟೇ ನೀರು ಹಾಕಿದರೆ ಮಿಶ್ರಣ ಅಚ್ಚಿನ ಮೂಲೆಮೂಲೆಗೆ ಹರಿಯುವುದಿಲ್ಲವಾದ್ದರಿಂದ ಸಾಮಾನ್ಯವಾಗಿ 22ರಿಂದ 25 ಲೀಟರ್ ಸುರಿಯುತ್ತಾರೆ, ಅಳತೆಯಿಲ್ಲದ ಕೆಲಸದಲ್ಲಿ ಇನ್ನೂ ಹೆಚ್ಚು. ಕೂಡದೆ ಉಳಿದ ನೀರು ಮುಂದೆ ನಿಧಾನವಾಗಿ ಹೊರಹೋಗುತ್ತದೆ, ಅದು ಕುಳಿತಿದ್ದ ಜಾಗ ಕೂದಲಿಗಿಂತಲೂ ಸಣ್ಣ ರಂಧ್ರಗಳಾಗಿ ಉಳಿಯುತ್ತದೆ. ಮೇಜಿನ ಮೇಲೆ ಚೆಲ್ಲಿದ ಕಾಫಿಯನ್ನೂ ಎಣ್ಣೆಯನ್ನೂ ಹೀರಿಕೊಳ್ಳುವುದು ಈ ರಂಧ್ರಗಳೇ. ಇದರ ಜೊತೆಗೆ, ಸಿಮೆಂಟು ಮತ್ತು ನೀರು ಕೂಡುವಾಗ ಅಂಟು ವಸ್ತುವಿನ ಜೊತೆಯಲ್ಲೇ ಒಂದಿಷ್ಟು ಸುಣ್ಣವೂ ಹುಟ್ಟಿ ಕಾಂಕ್ರೀಟಿನೊಳಗೆ ಉಳಿದುಕೊಳ್ಳುತ್ತದೆ. ಈ ರಂಧ್ರ ಮತ್ತು ಈ ಸುಣ್ಣ, ಎರಡನ್ನೂ ನೆನಪಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ಒತ್ತಿದರೆ ಗಟ್ಟಿ, ಎಳೆದರೆ ದುರ್ಬಲ

ಮೇಜಿನ ಹಲಗೆಯ ನಡುವೆ ಭಾರ ಇಟ್ಟಾಗ ಹಲಗೆ ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಆಗ ಅದರ ಮೇಲ್ಭಾಗ ಒತ್ತಿಕೊಳ್ಳುತ್ತದೆ, ಕೆಳಭಾಗ ಹಿಗ್ಗುತ್ತದೆ. ಕಾಂಕ್ರೀಟಿಗೆ ಒತ್ತುವ ಬಲವನ್ನು ತಡೆಯುವ ಶಕ್ತಿ ಎಷ್ಟಿದೆಯೋ ಎಳೆಯುವ ಬಲವನ್ನು ತಡೆಯುವ ಶಕ್ತಿ ಅದರ ಹತ್ತನೆಯ ಒಂದು ಭಾಗದಷ್ಟು ಮಾತ್ರ. ಆದ್ದರಿಂದ ಬಿರುಕು ಯಾವಾಗಲೂ ಎಳೆತವಿರುವ ಕಡೆಯಿಂದ ಹುಟ್ಟುತ್ತದೆ, ಅಲ್ಲಿಗೆ ಕಬ್ಬಿಣದ ಸರಳು ಅಥವಾ ಜಾಲರಿ ಕೊಡುತ್ತಾರೆ. ಮನೆಯ ಛಾವಣಿಯಿಂದ ದೊಡ್ಡ ಸೇತುವೆಗಳವರೆಗೆ ಎಲ್ಲೆಡೆ ಬಳಕೆಯಾಗುವ ಈ ವಿಧಾನದ ಆರಂಭಿಕ ಪೇಟೆಂಟುಗಳಲ್ಲಿ ಒಂದು ದೊರೆತದ್ದು ಜೋಸೆಫ್ ಮೋನಿಯೆ ಎಂಬ ಫ್ರಾನ್ಸಿನ ತೋಟಗಾರನಿಗೆ, 1867ರಲ್ಲಿ, ಕಬ್ಬಿಣದ ಜಾಲರಿಯಿರುವ ಹೂಕುಂಡಗಳಿಗಾಗಿ. ಕಾಂಕ್ರೀಟ್ ಮನೆಬಳಕೆಯ ವಸ್ತುವಾಗಿದ್ದು ಈಚಿನ ವಿಷಯವಲ್ಲ ಎಂಬುದಕ್ಕೆ ಇದು ಸಾಕ್ಷಿ.

ಅಂಗಡಿಯಲ್ಲಿ ಕಾಂಕ್ರೀಟ್ ಮೇಜು ಎಂಬ ಒಂದೇ ಹೆಸರಿನಲ್ಲಿ ಬೇರೆಬೇರೆ ವಸ್ತುಗಳು ಸಿಗುತ್ತವೆ. ಸರಳು ಅಥವಾ ಜಾಲರಿ ಹಾಕಿ ಎರಕ ಹೊಯ್ದ ದಪ್ಪ ಹಲಗೆ ಒಂದು ಬಗೆ. ಇದು ಅಗ್ಗ, ಆದರೆ ಬಹಳ ಭಾರ, ಮತ್ತು ಒಳಗಿನ ಕಬ್ಬಿಣಕ್ಕೆ ತೇವ ತಲುಪಿ ತುಕ್ಕು ಹಿಡಿದರೆ ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುವುದರಿಂದ ಹಲಗೆ ಒಳಗಿನಿಂದಲೇ ಒಡೆಯುತ್ತದೆ. ಮಂಗಳೂರು, ಕಾರವಾರದಂಥ ಕಡಲತೀರದ ಊರುಗಳಲ್ಲಿ ಹೊರಗೆ ಇಡುವ ಬೆಂಚುಗಳಿಗೆ ಉಪ್ಪುಗಾಳಿಯಿಂದಾಗಿ ಈ ತೊಂದರೆ ಬೇಗ ಬರುತ್ತದೆ. ಕಬ್ಬಿಣದ ಬದಲು ಗಾಜಿನ ನಾರು ಬೆರೆಸಿದ ಕಾಂಕ್ರೀಟ್ ಎರಡನೆಯ ಬಗೆ, ಇದನ್ನು ಜಿಎಫ್‌ಆರ್‌ಸಿ ಎಂದು ಕರೆಯುತ್ತಾರೆ. ಸಾಮಾನ್ಯ ಗಾಜನ್ನು ಕಾಂಕ್ರೀಟಿನ ಕ್ಷಾರ ತಿಂದುಹಾಕುತ್ತದೆಯಾದ್ದರಿಂದ ಜಿರ್ಕೋನಿಯಾ ಬೆರೆಸಿದ, ಕ್ಷಾರವನ್ನು ತಡೆಯುವ ಗಾಜಿನ ನಾರನ್ನೇ ಬಳಸಿರಬೇಕು. ಎರಡು ಸೆಂಟಿಮೀಟರ್ ದಪ್ಪಕ್ಕೇ ಹಲಗೆ ನಿಲ್ಲುವುದರಿಂದ ಮನೆಯೊಳಗಿನ ಮೇಜಿಗೆ ಇದೇ ಹೆಚ್ಚು ಅನುಕೂಲವೆಂದು ನನ್ನ ಅಭಿಪ್ರಾಯ. ಪ್ಲೈವುಡ್ಡಿನ ಮೇಲೆ ಎರಡು ಮೂರು ಮಿಲಿಮೀಟರ್ ದಪ್ಪದ ಮೈಕ್ರೋಸಿಮೆಂಟ್ ಬಳಿದದ್ದೂ ಕಾಂಕ್ರೀಟಿನಂತೆಯೇ ಕಾಣುತ್ತದೆ. ಅದು ಕೆಟ್ಟದ್ದೇನಲ್ಲ, ಆದರೆ ಒಳಗಿರುವುದು ಮರ ಎಂಬುದು ಕೊಳ್ಳುವವರಿಗೆ ಗೊತ್ತಿರಬೇಕು, ಅದರಲ್ಲೂ ಬೆಂಕಿಯ ಸಮೀಪ ಇಡುವ ಯೋಚನೆಯಿದ್ದರೆ.

ಹಳೆಯ ಸಾಮಾನು ಕೊಳ್ಳುವವರಿಗೆ ಒಂದು ಎಚ್ಚರಿಕೆ. ಸ್ವಿಟ್ಜರ್ಲೆಂಡಿನ ವಿಲ್ಲಿ ಗುಲ್ 1954ರಲ್ಲಿ ರೂಪಿಸಿದ ಪ್ರಸಿದ್ಧ ತೋಟದ ಕುರ್ಚಿಯೂ ಸೇರಿದಂತೆ, ಹಿಂದಿನ ಅನೇಕ ತೆಳು ಸಿಮೆಂಟು ವಸ್ತುಗಳಲ್ಲಿ ಬಲಕ್ಕಾಗಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಬಳಸಲಾಗಿತ್ತು. ಅಂಥ ಹಳೆಯ ಕುಂಡ, ಹಲಗೆಗಳನ್ನು ಉಜ್ಜುವುದು, ಕೊರೆಯುವುದು ಮಾಡಬಾರದು. ಅದರ ಧೂಳು ಶ್ವಾಸಕೋಶಕ್ಕೆ ಗಂಭೀರ ಅಪಾಯ ತರುತ್ತದೆ.

ತೂಕದ ಲೆಕ್ಕವನ್ನು ನೀವೇ ಮಾಡಬಹುದು

ಒಂದು ಘನ ಮೀಟರ್ ಕಾಂಕ್ರೀಟ್ ಸುಮಾರು 2400 ಕಿಲೋಗ್ರಾಂ ತೂಗುತ್ತದೆ. ಆರು ಅಡಿ ಉದ್ದ, ಮೂರು ಅಡಿ ಅಗಲ, ಎರಡು ಇಂಚು ದಪ್ಪದ ಹಲಗೆಯೊಂದೇ ಸುಮಾರು 200 ಕಿಲೋಗ್ರಾಂ ಆಗುತ್ತದೆ, ಕಾಲುಗಳ ತೂಕ ಬೇರೆ. ಅದೇ ಅಳತೆಯ ಹಲಗೆಯನ್ನು ಎರಡು ಸೆಂಟಿಮೀಟರ್ ದಪ್ಪದ ಜಿಎಫ್‌ಆರ್‌ಸಿಯಲ್ಲಿ ಮಾಡಿಸಿದರೆ 70 ಕಿಲೋಗ್ರಾಂ ಆಸುಪಾಸಿನಲ್ಲಿ ಮುಗಿಯುತ್ತದೆ.

ನಮ್ಮ ದೇಶದ ಮಾನಕಗಳಂತೆ ವಾಸದ ಕೋಣೆಯ ನೆಲವನ್ನು, ಅದರ ಸ್ವಂತ ತೂಕವನ್ನು ಬಿಟ್ಟು, ಪ್ರತಿ ಚದರ ಮೀಟರಿಗೆ ಸುಮಾರು 200 ಕಿಲೋಗ್ರಾಂ ಬಳಕೆಯ ಭಾರ ಹೊರುವಂತೆ ವಿನ್ಯಾಸ ಮಾಡುತ್ತಾರೆ. ಹತ್ತು ಅಡಿಗೆ ಹತ್ತು ಅಡಿಯ ಕೋಣೆಯೆಂದರೆ ಸುಮಾರು 9 ಚದರ ಮೀಟರ್, ಅಲ್ಲಿಗೆ 1800 ಕಿಲೋಗ್ರಾಂ. ಮೇಜು, ಕುರ್ಚಿಗಳು, ಸುತ್ತ ಕುಳಿತ ಆರು ಜನ ಎಲ್ಲ ಸೇರಿದರೂ ಇದರ ಅರ್ಧಕ್ಕೆ ಬರುವುದಿಲ್ಲವಾದ್ದರಿಂದ ಸರಿಯಾಗಿ ಕಟ್ಟಿದ ಆರ್‌ಸಿಸಿ ಸ್ಲ್ಯಾಬಿಗೆ ಒಂದು ಕಾಂಕ್ರೀಟ್ ಮೇಜು ಹೊರಲಾರದ ಭಾರವಲ್ಲ. ಆದರೆ ಗೋಡೆಯಿಂದ ಹೊರಚಾಚಿದ ಬಾಲ್ಕನಿಯ ತುದಿಯಲ್ಲಿ, ಮರದ ಅಟ್ಟದ ಮೇಲೆ, ಮರದ ತೊಲೆಗಳ ಮೇಲೆ ನಿಂತ ಹಳೆಯ ಮದ್ರಾಸ್ ತಾರಸಿಯ ಮೇಲೆ ಇಂಥದ್ದನ್ನು ಇಡುವ ಮೊದಲು ಸಿವಿಲ್ ಎಂಜಿನಿಯರ್ ಒಬ್ಬರಿಗೆ ತೋರಿಸಲೇಬೇಕು. ಅಗ್ಗಿಷ್ಟಿಕೆಯ ಲೆಕ್ಕ ಇನ್ನೂ ಬೇರೆ. ಇಟ್ಟಿಗೆ, ಚೌಕಟ್ಟು, ಹೊಗೆಗೂಡು ಸೇರಿ ಟನ್ನುಗಟ್ಟಲೆ ಆಗುವುದರಿಂದ ಅದಕ್ಕೆ ತನ್ನದೇ ಪಾಯ ಬೇಕು, ಮಹಡಿಯ ಸ್ಲ್ಯಾಬಿನ ಮೇಲೆ ಅದನ್ನು ಆಮೇಲೆ ಕಟ್ಟುವಂತಿಲ್ಲ.

ಮನೆಗೆ ತರುವ ದಾರಿಯನ್ನೂ ಅಳೆದುಕೊಳ್ಳಿ. ಆರು ಜನರ ಲಿಫ್ಟ್ ಎಂದರೆ 408 ಕಿಲೋಗ್ರಾಂ ಮಿತಿ. ಹಲಗೆ ಮತ್ತು ನಾಲ್ವರು ಆಳುಗಳು ಒಟ್ಟಿಗೆ ಹತ್ತಿದರೆ ಅದು ಮೀರಿಹೋಗುತ್ತದೆ. ಹಲಗೆಯನ್ನು ಗಾಜನ್ನು ಸಾಗಿಸುವಂತೆ ಅಂಚಿನ ಮೇಲೆ ನಿಲ್ಲಿಸಿ ಒಯ್ಯಬೇಕು, ಮಲಗಿಸಿ ಎರಡು ತುದಿ ಹಿಡಿದು ಎತ್ತಿದರೆ ನಡುವೆ ಬಾಗಿ ಬಿರುಕು ಬಿಡಬಹುದು.

ಕೊಳ್ಳುವಾಗ ಏನು ನೋಡಬೇಕು

ಮೊದಲು ಮೇಜಿನ ಅಡಿಗೆ ಬಗ್ಗಿ ನೋಡಿ. ಮೇಲ್ಮೈಯನ್ನು ಪಾಲಿಶ್ ಮಾಡಿ ಚೆಂದಗೊಳಿಸುತ್ತಾರೆ, ಕೆಲಸದ ನಿಜವಾದ ಗುಣ ತಿಳಿಯುವುದು ಅಡಿಯಲ್ಲಿ. ಅಲ್ಲಿ ಜೇನುಗೂಡಿನಂತೆ ಜಲ್ಲಿ ಎದ್ದು ಕಾಣುತ್ತಿದ್ದರೆ, ಸರಳಿನ ತುದಿ ಅಥವಾ ತುಕ್ಕಿನ ಗೆರೆ ಕಂಡರೆ ಆ ವಸ್ತುವನ್ನು ಬಿಡುವುದೇ ಒಳ್ಳೆಯದು. ಮೇಲ್ಮೈಯಲ್ಲಿ ಗಾಳಿಗುಳ್ಳೆಯಿಂದಾದ ಸಣ್ಣ ಕುಳಿಗಳು ದೋಷವಲ್ಲ, ಆದರೆ ಊಟದ ಮೇಜಿನಲ್ಲಿ ಅವುಗಳಲ್ಲಿ ಆಹಾರದ ಕಣ ಸೇರುವುದರಿಂದ ತುಂಬಿಸಿರಬೇಕು. ಕೂದಲೆಳೆಯಂಥ ಬಿರುಕು ಕಾಂಕ್ರೀಟಿನ ಸಹಜ ಗುಣ. ಉಗುರು ಸಿಕ್ಕಿಕೊಳ್ಳುವಷ್ಟು ಅಗಲದ್ದು, ಅಥವಾ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹಾಯ್ದದ್ದು ಸಹಜವಲ್ಲ.

ಎರಕ ಹೊಯ್ದು ಎಷ್ಟು ದಿನವಾಯಿತು, ಎಷ್ಟು ದಿನ ಕ್ಯೂರಿಂಗ್ ಮಾಡಿದ್ದಾರೆ, ಒಳಗೆ ಏನಿದೆ, ಮೇಲೆ ಯಾವ ಸೀಲರ್, ಅಂದರೆ ಕಲೆ ತಡೆಯುವ ಲೇಪ, ಬಳಿದಿದ್ದಾರೆ ಎಂದು ಕೇಳಿ. 28 ದಿನ ತುಂಬದ ಮೇಜನ್ನು ಮನೆಗೆ ತರುವ ಆತುರ ಬೇಡ. ಬಣ್ಣದ ಕಾಂಕ್ರೀಟ್ ಬೇಕಿದ್ದರೆ ಮಿಶ್ರಣದಲ್ಲೇ ಕಬ್ಬಿಣದ ಆಕ್ಸೈಡ್ ಬೆರೆಸಿದ್ದನ್ನು ಆರಿಸಿ. ನಮ್ಮ ಹಳೆಯ ಮನೆಗಳ ಕೆಂಪು ರೆಡ್ ಆಕ್ಸೈಡ್ ನೆಲದ ಬಣ್ಣ ತಲೆಮಾರುಗಳವರೆಗೆ ಉಳಿದಿರುವುದು ಅದು ಮೇಲೆ ಹಚ್ಚಿದ್ದಲ್ಲ, ಸಿಮೆಂಟಿನೊಳಗೇ ಸೇರಿದ್ದು ಎಂಬ ಕಾರಣದಿಂದ.

ಹುಣಸೆ, ಅರಿಶಿನ, ಎಣ್ಣೆ

ಹಿತ್ತಾಳೆ ಪಾತ್ರೆಯನ್ನು ಹುಣಸೆಹಣ್ಣಿನಿಂದ ಉಜ್ಜಿದರೆ ಹೊಳೆಯುವುದು, ಹುಣಸೆಯ ಆಮ್ಲ ಲೋಹದ ಮೇಲಿನ ಕಿಲುಬನ್ನು ಕರಗಿಸುವುದರಿಂದ. ಅದೇ ಆಮ್ಲ ಕಾಂಕ್ರೀಟಿನ ಮೇಲೆ ಬಿದ್ದಾಗ ಅಲ್ಲಿನ ಸುಣ್ಣವನ್ನು ಕರಗಿಸುತ್ತದೆ. ಶಹಾಬಾದ್ ಕಲ್ಲಿನ ನೆಲವಿರುವ ಉತ್ತರ ಕರ್ನಾಟಕದ ಮನೆಗಳವರು ನಿಂಬೆರಸ ಬಿದ್ದ ಕಡೆ ಮಂಕಾದ ಗುರುತು ಉಳಿಯುವುದನ್ನು ಕಂಡಿರುತ್ತಾರೆ. ಅದೂ ಸುಣ್ಣದಕಲ್ಲೇ ಆದ್ದರಿಂದ ಕಾರಣವೂ ಒಂದೇ. ಇಂಥ ಗುರುತು ಕಲೆಯಲ್ಲ, ಮೇಲ್ಮೈಯೇ ಸವೆದದ್ದು. ಆದ್ದರಿಂದ ಎಷ್ಟು ತೊಳೆದರೂ ಅದು ಹೋಗುವುದಿಲ್ಲ, ಮತ್ತೆ ಪಾಲಿಶ್ ಮಾಡಿಸಬೇಕಾಗುತ್ತದೆ. ಸಾರು, ಮೊಸರು, ನಿಂಬೆ, ಕೋಕಂ, ವಿನೆಗರ್ ಎಲ್ಲವೂ ಇದೇ ಗುಂಪಿನವು. ಕಕ್ಕಸು ತೊಳೆಯುವ ಆಮ್ಲದ ದ್ರಾವಣವನ್ನಂತೂ ಕಾಂಕ್ರೀಟಿನ ಹತ್ತಿರ ತರಲೇಬಾರದು.

ಅರಿಶಿನದ ವರ್ತನೆ ಇನ್ನೂ ವಿಶೇಷ. ಅರಿಶಿನದ ನೀರಿಗೆ ಸುಣ್ಣ ಬೆರೆಸಿ ಆರತಿಯ ಕೆಂಪು ಓಕುಳಿ ಮಾಡುವುದು ನಮಗೆಲ್ಲ ಗೊತ್ತು. ಸೀಲರ್ ಇಲ್ಲದ ಹೊಸ ಕಾಂಕ್ರೀಟಿನ ಮೇಲೆ ಅರಿಶಿನ ಬಿದ್ದಾಗ ಒಳಗಿನ ಸುಣ್ಣದಿಂದಾಗಿ ಅದೇ ಓಕುಳಿಯ ಬಣ್ಣ ಮೂಡಬಹುದು. ಅರಿಶಿನದ ಬಣ್ಣ ಬಿಸಿಲಿಗೆ ಮಾಸುವಂಥದ್ದು, ಹಾಗಾಗಿ ತೊಳೆದರೂ ಉಳಿದ ಕಲೆಯ ಮೇಲೆ ಕೆಲವು ದಿನ ಬಿಸಿಲು ಬೀಳುವಂತೆ ಮಾಡಿದರೆ ಬಹುಮಟ್ಟಿಗೆ ತಿಳಿಯಾಗುತ್ತದೆ. ಎಣ್ಣೆ ಆಳಕ್ಕೆ ಇಳಿದಿದ್ದರೆ ಮುಲ್ತಾನಿ ಮಿಟ್ಟಿಯನ್ನು ಗಟ್ಟಿಯಾಗಿ ಕಲಸಿ ಕಲೆಯ ಮೇಲೆ ದಪ್ಪಗೆ ಮೆತ್ತಿ, ಪ್ಲಾಸ್ಟಿಕ್ ಹಾಳೆ ಮುಚ್ಚಿ ಒಂದು ರಾತ್ರಿ ಬಿಡಬೇಕು. ಆಮೇಲೆ ಹಾಳೆ ತೆಗೆದು ಅದನ್ನು ಒಣಗಲು ಬಿಟ್ಟರೆ ಮಣ್ಣು ಒಣಗುತ್ತಾ ಎಣ್ಣೆಯನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ. ಒಂದೇ ಸಲಕ್ಕೆ ಹೋಗದಿದ್ದರೆ ಎರಡು ಮೂರು ಬಾರಿ ಮಾಡಬೇಕಾಗಬಹುದು.

ಇದೆಲ್ಲ ಬರದಂತೆ ತಡೆಯುವುದು ಸೀಲರಿನ ಕೆಲಸ, ಮತ್ತು ಸೀಲರಿನಲ್ಲಿ ಮುಖ್ಯವಾಗಿ ಎರಡು ಜಾತಿ ಇವೆ. ಸಿಲೇನ್, ಸಿಲೋಕ್ಸೇನ್ ಎಂಬ ಹೆಸರಿನವು ರಂಧ್ರಗಳ ಒಳಗೋಡೆಗೆ ಅಂಟಿ, ಕೆಸುವಿನ ಎಲೆಯ ಮೇಲೆ ನೀರು ನಿಲ್ಲದಂತೆ ನೀರನ್ನು ಜಾರಿಸುತ್ತವೆ. ಅವುಗಳಿಂದ ಮೇಲ್ಮೈಯ ನೋಟ ಬದಲಾಗುವುದಿಲ್ಲ, ಹೊರಗಿನ ಬೆಂಚಿಗೆ, ಕುಂಡಕ್ಕೆ ಅವೇ ಸರಿ. ಆದರೆ ಹುಳಿ ಮತ್ತು ಎಣ್ಣೆಯನ್ನು ಅವು ಅಷ್ಟಾಗಿ ತಡೆಯಲಾರವು. ಅಕ್ರಿಲಿಕ್, ಪಾಲಿಯುರೆಥೇನ್, ಎಪಾಕ್ಸಿಗಳು ಮೇಲೆ ತೆಳುವಾದ ಪೊರೆಯಾಗಿ ಕೂರುತ್ತವೆ. ಊಟದ ಮೇಜಿಗೆ, ಅಡುಗೆಕಟ್ಟೆಗೆ ಈ ಪೊರೆಯ ಜಾತಿ ಬೇಕು, ಅದರಲ್ಲೂ ಪಾಲಿಯುರೆಥೇನ್ ಹೆಚ್ಚು ಬಾಳುತ್ತದೆ. ಎಪಾಕ್ಸಿ ಬಿಸಿಲಿಗೆ ಹಳದಿಯಾಗುತ್ತದೆ.

ಬಿಸಿ ಪಾತ್ರೆಯ ಪ್ರಶ್ನೆಗೂ ಉತ್ತರ ಈ ಪೊರೆಯಲ್ಲಿದೆ. ಒಲೆಯಿಂದ ಇಳಿಸಿದ ಕುಕ್ಕರಿನ ಶಾಖದಿಂದ ಕಾಂಕ್ರೀಟಿಗೆ ಏನೂ ಆಗದಿರಬಹುದು, ಆದರೆ ಮೇಲಿನ ಪೊರೆ ಮೆತ್ತಗಾಗಿ ಬಿಳಿ ವರ್ತುಲ ಉಳಿಯುತ್ತದೆ. ಪಾತ್ರೆಯ ಕೆಳಗೆ ಸಿಂಬಿ ಇಡುವ ಹಳೆಯ ಅಭ್ಯಾಸ ಇಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ. ಒದ್ದೆಯಾದ ಕಬ್ಬಿಣದ ಕಾವಲಿಯನ್ನು ರಾತ್ರಿಯಿಡೀ ಮೇಜಿನ ಮೇಲೆ ಬಿಟ್ಟರೆ ತುಕ್ಕಿನ ಗುರುತು ಬೀಳುತ್ತದೆ ಎಂಬುದನ್ನೂ ಮರೆಯಬಾರದು.

ದಿನನಿತ್ಯಕ್ಕೆ ಬೇಕಾದದ್ದು ಮೆತ್ತನೆಯ ಬಟ್ಟೆ, ಪಾತ್ರೆ ತೊಳೆಯುವ ಸೌಮ್ಯ ದ್ರಾವಣದ ಒಂದೆರಡು ಹನಿ ಬೆರೆಸಿದ ನೀರು, ಮತ್ತು ಚೆಲ್ಲಿದ್ದನ್ನು ಕೂಡಲೇ ಒರೆಸುವ ರೂಢಿ. ಸ್ಟೀಲ್ ನಾರಿನ ಉಜ್ಜುಗ ಪೊರೆಯನ್ನು ಗೀರುತ್ತದೆ. ಆರು ತಿಂಗಳಿಗೊಮ್ಮೆ ಮೇಜಿನ ನಾಲ್ಕಾರು ಕಡೆ ಒಂದೊಂದು ಹನಿ ನೀರು ಬಿಟ್ಟು ಹತ್ತು ನಿಮಿಷ ಕಾಯಿರಿ. ಹನಿ ಮುತ್ತಿನಂತೆ ನಿಂತಿದ್ದರೆ ಸೀಲರ್ ಚೆನ್ನಾಗಿದೆ, ಕೆಳಗಿನ ಜಾಗ ಕಪ್ಪಗಾಗಿದ್ದರೆ ಮತ್ತೆ ಬಳಿಸುವ ಸಮಯ ಬಂದಿದೆ.

ಹೊರಗಿಟ್ಟ ಕುಂಡ, ಬೆಂಚುಗಳ ಮೇಲೆ ಮಳೆಗಾಲದ ನಂತರ ಬಿಳಿ ಪುಡಿ ಕಾಣಿಸಿಕೊಂಡರೆ ಅದು ಬೂಷ್ಟಲ್ಲ. ಒಳಗಿನ ಸುಣ್ಣವನ್ನು ನೀರು ಕರಗಿಸಿ ಹೊರಗೆ ತಂದಿದೆ, ಗಾಳಿ ಸೋಕಿದಾಗ ಅದು ಬಿಳಿಯಾಗಿ ಗಟ್ಟಿಯಾಗಿದೆ. ಒಣ ಬ್ರಷ್ಷಿನಿಂದ ಉಜ್ಜಿ ತೆಗೆದು, ನೀರು ಎಲ್ಲಿಂದ ಒಳಸೇರುತ್ತಿದೆ ಎಂದು ಹುಡುಕಿ ಅದನ್ನು ನಿಲ್ಲಿಸಬೇಕು. ಆ ದಾರಿ ಮುಚ್ಚದೆ ಮೇಲೆ ಸೀಲರ್ ಬಳಿದರೆ ಪೊರೆಯೇ ಎದ್ದುಬರುತ್ತದೆ.

ಬೆಂಕಿಯ ಮುಂದೆ ಕಾಂಕ್ರೀಟ್

ಈಗ ಅತಿ ಮುಖ್ಯವಾದ ವಿಷಯಕ್ಕೆ ಬರೋಣ. ಮಲೆನಾಡಿನ ಬಚ್ಚಲುಮನೆಯ ಹಂಡೆಯೊಲೆಯನ್ನು ಹಿಂದಿನವರು ಮಣ್ಣು, ಇಟ್ಟಿಗೆಯಿಂದ ಕಟ್ಟುತ್ತಿದ್ದರು. ಬೆಂಕಿ ತಗುಲಿದಷ್ಟೂ ಮಣ್ಣು ಸುಟ್ಟು ಗಟ್ಟಿಯಾಗುತ್ತಿತ್ತು. ಇಟ್ಟಿಗೆಗೆ ಗಟ್ಟಿತನ ಬಂದದ್ದು ಬೆಂಕಿಯಿಂದ, ಕಾಂಕ್ರೀಟಿಗೆ ಬಂದದ್ದು ನೀರಿನಿಂದ. ಆ ನೀರನ್ನು ಬೆಂಕಿ ಕಿತ್ತುಕೊಂಡರೆ ಅದರ ಬಲವೂ ಹೋಗುತ್ತದೆ.

ಹೋಗುವ ಬಗೆ ಹಂತಹಂತವಾಗಿದೆ. 100 ಡಿಗ್ರಿ ದಾಟಿದಾಗ ರಂಧ್ರಗಳಲ್ಲಿ ಉಳಿದ ನೀರು ಆವಿಯಾಗುತ್ತದೆ. ಶಾಖ ನಿಧಾನವಾಗಿ ಏರಿದರೆ ಆವಿ ರಂಧ್ರಗಳ ಮೂಲಕ ಹೊರಬರುತ್ತದೆ, ಏಕಾಏಕಿ ಏರಿದರೆ ದಾರಿ ಸಿಗದೆ ಒತ್ತಡ ಹೆಚ್ಚಿ ಮೇಲ್ಮೈಯ ಚಕ್ಕೆಗಳನ್ನು ಸಿಡಿಸುತ್ತದೆ. ಹೊಳೆಯ ಕಲ್ಲುಗಳ ನಡುವೆ ಬೆಂಕಿ ಹಾಕಿದಾಗ ಕಲ್ಲು ಸಿಡಿಯುವುದೂ ಒಳಗಿನ ನೀರಿನಿಂದಲೇ. ರಂಧ್ರ ಕಡಿಮೆಯಿರುವ ಬಹಳ ಗಟ್ಟಿ ಕಾಂಕ್ರೀಟ್ ಈ ವಿಷಯದಲ್ಲಿ ಇನ್ನೂ ಅಪಾಯಕಾರಿ, ಆವಿಗೆ ಅಲ್ಲಿ ದಾರಿ ಇಲ್ಲ. 300 ಡಿಗ್ರಿ ದಾಟಿದ ಮೇಲೆ ಬಲ ಗಮನಾರ್ಹವಾಗಿ ಕುಗ್ಗತೊಡಗುತ್ತದೆ. 400ರಿಂದ 450 ಡಿಗ್ರಿಯ ನಡುವೆ ಒಳಗಿನ ಸುಣ್ಣ ತನ್ನ ನೀರನ್ನು ಬಿಟ್ಟುಕೊಟ್ಟು ಸುಟ್ಟಸುಣ್ಣವಾಗುತ್ತದೆ, ಬೆಂಕಿ ಆರಿದ ಮೇಲೆ ಗಾಳಿಯ ತೇವ ಹೀರಿ ಮತ್ತೆ ಉಬ್ಬಿ ಬಿರುಕು ತರುತ್ತದೆ. 573 ಡಿಗ್ರಿಯಲ್ಲಿ ಗ್ರಾನೈಟ್ ಜಲ್ಲಿ ಮತ್ತು ಎಂ-ಸ್ಯಾಂಡಿನಲ್ಲಿರುವ ಬೆಣಚುಕಲ್ಲಿನ ಹರಳುಗಳು ರಚನೆ ಬದಲಿಸಿ ಒಮ್ಮೆಲೇ ಹಿಗ್ಗುತ್ತವೆ. ಉರಿಯುವ ಕಟ್ಟಿಗೆಯ ಜ್ವಾಲೆಯ ಶಾಖ 600 ಡಿಗ್ರಿಯನ್ನು ಸುಲಭವಾಗಿ ಮೀರುತ್ತದೆ.

ಆದ್ದರಿಂದ ನಿಯಮ ಸ್ಪಷ್ಟ: ಬೆಂಕಿ ಉರಿಯುವ ಗೂಡಿನ ಒಳಮೈಗೆ ಸಾಧಾರಣ ಕಾಂಕ್ರೀಟ್ ಆಗಲಿ, ಸಿಮೆಂಟು ಗಾರೆಯಾಗಲಿ ಸಲ್ಲದು. ಅಲ್ಲಿ ಫೈರ್ ಬ್ರಿಕ್ ಎಂಬ ಶಾಖನಿರೋಧಕ ಇಟ್ಟಿಗೆಯನ್ನು, ಅದಕ್ಕೆಂದೇ ಇರುವ ಫೈರ್ ಕ್ಲೇ ಗಾರೆಯಲ್ಲಿ ಕಟ್ಟಬೇಕು. ಎರಕವೇ ಬೇಕೆಂದರೆ ಹೈ ಅಲ್ಯುಮಿನಾ ಸಿಮೆಂಟಿನ ಕ್ಯಾಸ್ಟಬಲ್, ಅಂದರೆ ಶಾಖ ತಡೆಯುವ ಎರಕದ ಮಿಶ್ರಣ, ಬಳಸಬೇಕು. ಫ್ರಾನ್ಸಿನ ಜೂಲ್ಸ್ ಬಿಯೆ 1908ರಲ್ಲಿ ಪೇಟೆಂಟ್ ಪಡೆದ ಈ ಸಿಮೆಂಟ್ ಇಂದು ಕಾರ್ಖಾನೆಗಳ ಕುಲುಮೆಗಳ ಒಳಪದರಕ್ಕೆ ಬಳಕೆಯಾಗುತ್ತದೆ. ನೋಟಕ್ಕಾಗಿ ಬೇಕಾದ ಕಾಂಕ್ರೀಟನ್ನು ಹೊರಗಿನ ಚೌಕಟ್ಟಿಗೆ ಮಾತ್ರ ಇಟ್ಟುಕೊಂಡು, ಗೂಡಿಗೂ ಚೌಕಟ್ಟಿಗೂ ನಡುವೆ ಗಾಳಿಯ ಸಂದು ಅಥವಾ ಸಿರಾಮಿಕ್ ನಾರಿನ ಹೊದಿಕೆ ಬಿಡಬೇಕು. ಬಿಸಿಯಾದ ಇಟ್ಟಿಗೆ ಹಿಗ್ಗಲು ಜಾಗವಿಲ್ಲದೆ ಚೌಕಟ್ಟನ್ನು ತಳ್ಳಿದರೆ, ಎಷ್ಟು ಒಳ್ಳೆಯ ಕಾಂಕ್ರೀಟ್ ಆದರೂ ಮೂಲೆಯಲ್ಲಿ ಬಿರಿಯುತ್ತದೆ. ಗೂಡಿನ ಬಾಯಿಯ ಮುಂದೆ ಕನಿಷ್ಠ ಒಂದೂವರೆ ಅಡಿ ಕಲ್ಲಿನ ನೆಲವಿರಲಿ, ಸಿಡಿದ ಕಿಡಿ ಜಮಖಾನೆಗೆ ತಲುಪಬಾರದು.

ಹೋಂಸ್ಟೇಗಳ ತಾರಸಿಯಲ್ಲಿ ನೇರವಾಗಿ ಸ್ಲ್ಯಾಬಿನ ಮೇಲೆಯೇ ಕಟ್ಟಿಗೆ ಪೇರಿಸಿ ಬೆಂಕಿ ಹಾಕುವುದೂ ಇದೇ ಕಾರಣಕ್ಕೆ ತಪ್ಪು. ಕಾಲುಗಳ ಮೇಲೆ ನಿಂತ ಕಬ್ಬಿಣದ ಬಾಣಲೆಯಂಥ ಪಾತ್ರೆಯಲ್ಲಿ, ಅದರ ಕೆಳಗೆ ಇಟ್ಟಿಗೆಯ ಹಾಸಿನೊಂದಿಗೆ ಬೆಂಕಿ ಮಾಡಬಹುದು.

ಹೊಗೆಗೂಡು, ಕಟ್ಟಿಗೆ, ಗಾಳಿ

ಬಿಸಿಗಾಳಿ ಹಗುರವಾಗಿ ಮೇಲೇರುತ್ತದೆ, ಅದು ಬಿಟ್ಟ ಜಾಗಕ್ಕೆ ಕೋಣೆಯ ಗಾಳಿ ನುಗ್ಗುತ್ತದೆ. ಹೊಗೆಗೂಡು ಕೆಲಸ ಮಾಡುವುದು ಇಷ್ಟರ ಮೇಲೆ. ಹಾಗಾಗಿ ಕೋಣೆಗೆ ಹೊರಗಿನ ಗಾಳಿ ಬರುವ ದಾರಿ ಇಲ್ಲದಿದ್ದರೆ ಹೊಗೆ ಮೇಲೇರುವುದಿಲ್ಲ, ಪಕ್ಕದ ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ತಿರುಗುತ್ತಿದ್ದರೆ ಹೊಗೆ ಹಿಮ್ಮುಖವಾಗಿ ಕೋಣೆಗೇ ಬರಬಹುದು. ತೆರೆದ ಅಗ್ಗಿಷ್ಟಿಕೆಯ ಹೊಗೆಕೊಳವೆಯ ಅಡ್ಡಳತೆಯ ವಿಸ್ತಾರ ಗೂಡಿನ ಬಾಯಿಯ ವಿಸ್ತಾರದ ಸುಮಾರು ಹತ್ತನೆಯ ಒಂದು ಭಾಗ ಇರಬೇಕೆಂಬುದು ರೂಢಿಯ ಲೆಕ್ಕ. ಮೂರು ಅಡಿಗೆ ಎರಡೂವರೆ ಅಡಿಯ ಬಾಯಿಗೆ ಹೆಚ್ಚುಕಡಿಮೆ ಹತ್ತೂವರೆ ಇಂಚು ಚೌಕದ ಕೊಳವೆ ಬೇಕಾಗುತ್ತದೆ. ಅದು ಮಾಡಿನಿಂದ ಕನಿಷ್ಠ ಮೂರು ಅಡಿ ಮೇಲಿರಬೇಕು, ಹತ್ತು ಅಡಿಯೊಳಗಿನ ಯಾವುದೇ ಭಾಗಕ್ಕಿಂತ ಎರಡು ಅಡಿ ಎತ್ತರವಿರಬೇಕು ಎಂಬ ಅಮೆರಿಕದ ನಿಯಮವನ್ನು ಬೇರೆಡೆಯೂ ಅನುಸರಿಸುತ್ತಾರೆ. ತೆರೆದ ಅಗ್ಗಿಷ್ಟಿಕೆಯ ಶಾಖದಲ್ಲಿ ಬಹುಪಾಲು ಈ ಕೊಳವೆಯಲ್ಲೇ ಹೊರಹೋಗುತ್ತದೆ. 1790ರ ದಶಕದಲ್ಲಿ ಕೌಂಟ್ ರಮ್‌ಫರ್ಡ್ ಎಂಬ ವಿಜ್ಞಾನಿ ಗೂಡಿನ ಆಳ ಕಡಿಮೆ ಮಾಡಿ, ಪಕ್ಕದ ಗೋಡೆಗಳನ್ನು ಓರೆಯಾಗಿಸಿ, ಕೊಳವೆಯ ಕೊರಳನ್ನು ಕಿರಿದುಗೊಳಿಸಿ, ಕೋಣೆಗೆ ಬರುವ ಶಾಖವನ್ನು ಹೆಚ್ಚಿಸಿದ. ಇಂದು ಕಟ್ಟಿಸುವವರೂ ಮೇಸ್ತ್ರಿಗೆ ಆ ಆಕಾರವನ್ನೇ ಹೇಳಬಹುದು.

ಹಸಿ ಕಟ್ಟಿಗೆ ಉರಿಸಿದರೆ ಶಾಖದ ಒಂದಂಶ ಅದರ ನೀರನ್ನು ಆವಿ ಮಾಡುವುದಕ್ಕೇ ಖರ್ಚಾಗುತ್ತದೆ. ತಣ್ಣಗಿನ ಹೊಗೆ ಕೊಳವೆಯ ಗೋಡೆಗೆ ಅಂಟಿ ಡಾಂಬರಿನಂಥ ಜಿಗುಟು ಮಸಿಯಾಗುತ್ತದೆ, ಮುಂದೊಂದು ದಿನ ಆ ಮಸಿಗೇ ಬೆಂಕಿ ಹತ್ತಬಹುದು. ಕಟ್ಟಿಗೆಯಲ್ಲಿ ತೇವ ಶೇಕಡಾ 20ಕ್ಕಿಂತ ಕಡಿಮೆ ಇರಬೇಕು. ಕಾಫಿ ತೋಟದಲ್ಲಿ ಕಡಿದ ಸಿಲ್ವರ್ ಓಕ್ ಅಥವಾ ಹಳೆಯ ಕಾಫಿ ಗಿಡದ ಬುಡಗಳನ್ನು ಬೇಸಗೆಯ ಮೊದಲೇ ಸೀಳಿ, ಗಾಳಿಯಾಡುವ ಮಾಡಿನಡಿ ಒಟ್ಟಿಟ್ಟರೆ ಮುಂದಿನ ಚಳಿಗಾಲಕ್ಕೆ ಹದವಾಗುತ್ತದೆ. ಬಣ್ಣ ಬಳಿದ ಮರ, ಪ್ಲೈವುಡ್ ತುಂಡು, ಪ್ಲಾಸ್ಟಿಕ್ ಹಾಕಬಾರದು, ಅವುಗಳ ಹೊಗೆ ವಿಷ.

ಎಲ್ಲಕ್ಕಿಂತ ದೊಡ್ಡ ಅಪಾಯ ಕಣ್ಣಿಗೆ ಕಾಣದ್ದು. ಗಾಳಿ ಸಾಲದೆ ಉರಿಯುವ ಬೆಂಕಿ, ಅದರಲ್ಲೂ ಕೆಂಡ, ಕಾರ್ಬನ್ ಮಾನಾಕ್ಸೈಡ್ ಅನಿಲವನ್ನು ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮತ್ತು ರಕ್ತದಲ್ಲಿ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ತಲೆನೋವು, ಓಕರಿಕೆ, ಮಂಪರು ಅದರ ಲಕ್ಷಣ. ಬೆಂಕಿಯ ಮುಂದೆ ಕುಳಿತ ಒಬ್ಬರಿಗಿಂತ ಹೆಚ್ಚು ಜನರಿಗೆ ಒಟ್ಟಿಗೆ ಹೀಗಾದರೆ ಕೂಡಲೇ ಎಲ್ಲರೂ ಹೊರಗೆ ಬಂದು ವೈದ್ಯರನ್ನು ಕಾಣಬೇಕು. ಕೆಂಡದ ಬಾಣಲೆಯನ್ನು ಮಲಗುವ ಕೋಣೆಯಲ್ಲಿಟ್ಟು ಬಾಗಿಲು ಮುಚ್ಚಿ ಮಲಗಬಾರದು. ಅಗ್ಗಿಷ್ಟಿಕೆ ಇರುವ ಮನೆಯಲ್ಲಿ ಈ ಅನಿಲದ ಅಲಾರಂ ಒಂದನ್ನು ಹಾಕಿಸುವುದು ಅಗತ್ಯವೆಂದೇ ನಾನು ಭಾವಿಸುತ್ತೇನೆ.

ಫ್ಲ್ಯಾಟುಗಳಲ್ಲಿ ಹೊಗೆಗೂಡು ಸಾಧ್ಯವಿಲ್ಲದ ಕಾರಣ ಎಥನಾಲ್ ಉರಿಸುವ ಕಾಂಕ್ರೀಟ್ ಬೋಗುಣಿಗಳು ಮಾರಾಟಕ್ಕಿವೆ. ಅವುಗಳಿಂದ ಹೊಗೆ ಬರದಿದ್ದರೂ ಕೋಣೆಯ ಆಮ್ಲಜನಕ ಖರ್ಚಾಗುವುದರಿಂದ ಕಿಟಕಿ ತೆರೆದಿರಬೇಕು. ಉರಿಯುತ್ತಿರುವಾಗ, ಅಥವಾ ಆರಿದರೂ ಬಿಸಿ ಇರುವಾಗ ಇಂಧನ ಸುರಿದರೆ ಜ್ವಾಲೆ ಬಾಟಲಿಗೇ ನುಗ್ಗುತ್ತದೆ, ಹಗಲಿನ ಬೆಳಕಿನಲ್ಲಿ ಎಥನಾಲ್ ಜ್ವಾಲೆ ಕಾಣುವುದೂ ಕಷ್ಟ. ಎಲ್‌ಪಿಜಿಯ ಬೆಂಕಿಮೇಜಾದರೆ, ಆ ಅನಿಲ ಗಾಳಿಗಿಂತ ಭಾರವಾಗಿ ಕೆಳಗೆ ನಿಲ್ಲುವುದರಿಂದ ಮೇಜಿನ ಬುಡದಲ್ಲಿ ಗಾಳಿಕಿಂಡಿಗಳಿರಬೇಕು, ಅದನ್ನು ಬಯಲಲ್ಲಿ ಮಾತ್ರ ಬಳಸಬೇಕು.

ಮೊದಲ ಬೆಂಕಿ

ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ ಹೊಗೆಗೂಡನ್ನು ಮಸಿ ತೆಗೆಸಿ ಶುಚಿಮಾಡಿಸಬೇಕು, ಹಕ್ಕಿಗೂಡು, ಜೇನುಗೂಡು ಕಟ್ಟಿಲ್ಲವೆಂದು ನೋಡಬೇಕು. ಫೈರ್ ಬ್ರಿಕ್ಕಿನ ಸಂದುಗಳಲ್ಲಿ ಗಾರೆ ಉದುರಿದ್ದರೆ ತುಂಬಿಸಬೇಕು. ಬೂದಿಯ ಅಡಿಯಲ್ಲಿ ಕೆಂಡ ಮರುದಿನದವರೆಗೂ ಜೀವಂತವಿರುವುದರಿಂದ ಬೂದಿಯನ್ನು ಮುಚ್ಚಳವಿರುವ ಲೋಹದ ಡಬ್ಬಿಯಲ್ಲೇ ತುಂಬಿ ಹೊರಗಿಡಬೇಕು. ಉರಿಯುವ ಬೆಂಕಿಗೆ ನೀರು ಸುರಿದರೆ ಕಾದ ಇಟ್ಟಿಗೆ ಬಿರಿಯುತ್ತದೆ, ನಂದಿಸಲು ಬೂದಿ ಅಥವಾ ಒಣ ಮರಳು ಸಾಕು. ಚೌಕಟ್ಟಿನ ಮೇಲಿನ ಮಸಿಯನ್ನು ಮೊದಲು ಒಣ ಬ್ರಷ್ಷಿನಿಂದ ತೆಗೆದು ಆಮೇಲೆ ಸಾಬೂನು ನೀರು ಬಳಸಬೇಕು, ಮೊದಲೇ ಒದ್ದೆ ಮಾಡಿದರೆ ಮಸಿ ರಂಧ್ರದೊಳಗೆ ಇಳಿಯುತ್ತದೆ.

ಹೊಸದಾಗಿ ಕಟ್ಟಿಸಿದ ಅಗ್ಗಿಷ್ಟಿಕೆಗೆ ಕನಿಷ್ಠ ನಾಲ್ಕು ವಾರ ಬೆಂಕಿ ತೋರಿಸಬಾರದು. ಆಮೇಲೆ ಮೊದಲ ದಿನ ಕೆಲವೇ ಚಕ್ಕೆಗಳ ಸಣ್ಣ ಉರಿ, ಅದು ಪೂರ್ತಿ ತಣಿದು ಮರುದಿನ ಇನ್ನೊಂದಿಷ್ಟು, ಹೀಗೆ ಐದಾರು ದಿನ ಏರಿಸುತ್ತಾ ಹೋಗಬೇಕು. ಮಳೆಗಾಲವಿಡೀ ತಣ್ಣಗಿದ್ದ ಹಳೆಯ ಅಗ್ಗಿಷ್ಟಿಕೆಗೂ ಚಳಿಗಾಲದ ಮೊದಲ ಉರಿ ಸಣ್ಣದಾಗಿಯೇ ಇರಲಿ. ಹೊಸದರಲ್ಲಿ ಆ ಮೊದಲ ದಿನಗಳಲ್ಲಿ ಚೌಕಟ್ಟಿನ ಹೊರಮೈಯಲ್ಲಿ ತೇವದ ಮಚ್ಚೆ ಮೂಡಿದರೆ ಗಾಬರಿಪಡುವುದು ಬೇಡ, ಉರಿಯನ್ನು ಹೆಚ್ಚಿಸಿ ಅದನ್ನು ಬೇಗ ಒಣಗಿಸುವ ಪ್ರಯತ್ನವೂ ಬೇಡ. ಕಟ್ಟುವಾಗ ಮೇಸ್ತ್ರಿ ಸುರಿದ ನೀರಿನಲ್ಲಿ ಸಿಮೆಂಟಿಗೆ ಬೇಡವಾಗಿ ಉಳಿದದ್ದು ಅದು. ಅದು ತನ್ನ ಪಾಡಿಗೆ ಹೊರಬಂದು ಆರುವವರೆಗೆ ಉರಿಯನ್ನು ಅಷ್ಟಕ್ಕೇ ನಿಲ್ಲಿಸಿ ಕಾಯಬೇಕು.